ಚಿಲಕವಿಲ್ಲದವರ ಮಾತು

ನಮ್ಮೂರಲ್ಲಿ ಮನೆ ಕೊಳ್ಳಲು ಬರುವವರು ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳುವುದಿಲ್ಲ, ಬಾಗಿಲು ಯಾವ ದಿಕ್ಕಿಗಿದೆ ಎಂದೂ ನೋಡುವುದಿಲ್ಲ. ಮೊದಲು ಕಾಂಪೌಂಡಿನ ಗೋಡೆಯ ಆಚೆಗೆ ಇಣುಕುತ್ತಾರೆ. ಅಲ್ಲಿ ಯಾರಾದರೂ ಗೋಣಿತಾಟು ಹಾಸಿಕೊಂಡು ಮಲಗಿದ್ದರೆ ಅವರ ಮುಖ ಅರಳುತ್ತದೆ. ನಮಗೆ ಮನೆ ತೋರಿಸಿದ ಬ್ರೋಕರ್ ಕೂಡ ಅಡುಗೆಮನೆ, ಬಚ್ಚಲು ಎಲ್ಲವನ್ನೂ ಎರಡೇ ಮಾತಲ್ಲಿ ಮುಗಿಸಿ, ಕಿಟಕಿ ತೆಗೆದು, ಗರ್ಭಗುಡಿ ತೋರಿಸುವವನ ಹಾಗೆ ದನಿ ತಗ್ಗಿಸಿದ್ದ. "ನೋಡಿ ಅಮ್ಮ, ಗೋಡೆಗೆ ಒರಗಿಕೊಂಡೇ ಇದಾರೆ. ಹೊನ್ನಾಜಿ ಅಂತ. ಎಷ್ಟೋ ಮಳೆಗಾಲ ಕಂಡಿರೋ ಜೀವ. ಈ ಬೀದೀಲಿ ಬೇರೆ ಯಾವ ಕಾಂಪ್ಲೆಕ್ಸಿಗೂ ಇಷ್ಟು ಹತ್ತಿರದಲ್ಲಿ ಯಾರೂ ಇಲ್ಲ."

ಹಾಗೆ ನಾವು ಸೌಹಾರ್ದ ಕಾಂಪ್ಲೆಕ್ಸಿನ ಎರಡನೇ ಮಹಡಿಗೆ ಬಂದೆವು. ನಾವು ಅಂದರೆ ಚೂಡಾಮಣಿಯಾದ ನಾನು, ಮತ್ತು ನಮ್ಮ ಯಜಮಾನರು ನರಹರಿ. ಇಂಥ ಕಟ್ಟಡಕ್ಕೆ ಸೌಹಾರ್ದ ಎಂದು ಹೆಸರಿಟ್ಟವನಿಗೆ ತಮಾಷೆಯ ಬುದ್ಧಿ ಇತ್ತೋ, ಇಲ್ಲ ಮುಂದಾಗುವುದು ಗೊತ್ತಿರಲಿಲ್ಲವೋ, ದೇವರೇ ಬಲ್ಲ. ಗೋಡೆಗಳು ಹಪ್ಪಳದಷ್ಟು ದಪ್ಪ. ಪಕ್ಕದ ಮನೆಯವರು ಸೀನಿದರೆ ನೂರು ವರ್ಷ ಬಾಳಿ ಎಂದು ನಾವು ಇಲ್ಲಿಂದಲೇ ಹರಸಬಹುದು.

ತನ್ನದು ಅಂತ ಒಂದು ಬಾಗಿಲು, ಆ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಇಲ್ಲದವರ ಮಾತು ನಮ್ಮೂರಲ್ಲಿ ಹತ್ತುತ್ತದೆ. ಚಿಲಕ ಇರುವವರ ಮಾತು ಹತ್ತುವುದಿಲ್ಲ. ದೊಡ್ಡವರು ಬಂದು ಮೈಕು ಹಿಡಿದು ಹೇಳಿದರೂ ಹತ್ತುವುದಿಲ್ಲ. ಹಿಂದೆ ಹತ್ತಿದ ಮಾತು ಕೂಡ, ಹೇಳಿದವರಿಗೆ ಚಿಲಕ ಬಂದ ಗಳಿಗೆಗೇ ಬಿಟ್ಟುಹೋಗುತ್ತದೆ. ಅದಕ್ಕೇ ಅಕ್ಕಪಕ್ಕದವರ ಜಗಳ ಏನೇ ಇದ್ದರೂ ಗೋಡೆಯ ಆಚೆಯವರ ಹತ್ತಿರ ಹೋಗಬೇಕು. ಅವರು ಎರಡೂ ಕಡೆಯದನ್ನು ಕೇಳಿ ಒಂದು ಮಾತು ಹೇಳುತ್ತಾರೆ, ಅದು ಆಗಿಬಿಡುತ್ತದೆ. ಹಾಗಂತ ಯಾರೋ ನಿನ್ನೆ ಬಂದು ಗೋಡೆಗೆ ಒರಗಿದರೆ ಸಾಲದು. ಅದೇ ಗೋಡೆಯ ಬುಡದಲ್ಲಿ ಒಂದು ಮಳೆಗಾಲ ನೆಂದಿರಬೇಕು. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತದೆ, ಯಾಕೆ ಎಂದು ನಾನು ನಿಮ್ಮನ್ನು ಕೇಳಿದ್ದೇನೆಯೇ?

ಸೌಹಾರ್ದದಲ್ಲಿ ಹೊನ್ನಾಜಿಯ ಮಾತು ಹತ್ತಿದ ಮನೆಗಳು ಒಂದೆರಡಲ್ಲ. ಮೊದಲನೇ ಮಹಡಿಯ ಪದ್ಮರಾಜಯ್ಯನವರು ನಿವೃತ್ತರಾದ ಮೇಲೆ ಕ್ಲಾರಿನೆಟ್ ಕಲಿಯಲು ಹೊರಟು ಎಲ್ಲರಿಗೂ ತಲೆಶೂಲೆ ತಂದಿದ್ದರು. ಹೊನ್ನಾಜಿ ಹಲ್ಲುಕಡ್ಡಿ ಆಡಿಸುತ್ತಾ, "ಮಳೆ ಬಂದಾಗ ಊದ್ಲಿ" ಅಂದಳು. ಅಲ್ಲಿಂದಾಚೆಗೆ ಮಳೆ ಬಿದ್ದರೆ ಮಾತ್ರ ಅವರ ಕ್ಲಾರಿನೆಟ್ಟಿಗೆ ದನಿ, ಬಾಕಿ ದಿನ ಬರೀ ಗಾಳಿ. ಪಾಪ, ಆ ಮನುಷ್ಯ ಬೇಸಿಗೆಯಿಡೀ ಬಾಲ್ಕನಿಯಲ್ಲಿ ಮೋಡ ನೋಡಿಕೊಂಡು ಕೂರುತ್ತಿದ್ದರು. ಅವರ ಎದುರು ಮನೆಯ ರೇವಣ್ಣ, ಕಾತ್ಯಾಯಿನಿ ದಂಪತಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಸುಳ್ಳು ಮಾಡಲೆಂದೇ ಮದುವೆಯಾದವರು. ಉಂಡ ಮೇಲೂ ನಿಲ್ಲಿಸುತ್ತಿರಲಿಲ್ಲ, ಮಲಗಿದ ಮೇಲೂ ನಿಲ್ಲಿಸುತ್ತಿರಲಿಲ್ಲ. "ಬೈಕೊಳ್ಳಿ, ಯಾರು ಬೇಡ ಅಂದ್ರು. ತುಟಿ ಒಳಗೆ ಬೈಕೊಳ್ಳಿ" ಅಂದಿದ್ದಳು ಹೊನ್ನಾಜಿ. ಆಮೇಲೆ ಅವರ ಕಿಟಕಿಯಲ್ಲಿ ಕೈ ಬೀಸುವುದು, ಬಾಯಿ ಆಡುವುದು ಕಾಣುತ್ತಿತ್ತು, ಒಂದು ಅಕ್ಷರವೂ ಕೇಳುತ್ತಿರಲಿಲ್ಲ.

ಹೊನ್ನಾಜಿ ಏನೋ ಮಹಾ ನ್ಯಾಯಸ್ಥೆ ಎಂದು ನೀವು ತಿಳಿಯಬಾರದು. ಅವಳ ತೀರ್ಪು ಅವಳ ಮಂಡಿನೋವಿನ ಮೇಲೆ ನಿಂತಿತ್ತು. ನೋವು ಕಡಿಮೆ ಇದ್ದ ದಿನ ಎರಡೂ ಕಡೆಯವರನ್ನು ಮಾತಾಡಲು ಬಿಡುತ್ತಿದ್ದಳು. ಜಾಸ್ತಿ ಇದ್ದರೆ ಮೊದಲು ಬಾಯಿ ತೆಗೆದವನಿಗೆ ಗ್ರಹಚಾರ. ತಿನ್ನಲು ಏನು ತಂದಿದ್ದಾರೆ ಎಂಬುದನ್ನೂ ನೋಡುತ್ತಿದ್ದಳು, ಅದನ್ನೇನು ಮುಚ್ಚಿಡುತ್ತಿರಲಿಲ್ಲ.

ನಮ್ಮ ವ್ಯಾಜ್ಯ ಮೇಲಿನ ಮನೆಯ ಸರ್ವಮಂಗಳಮ್ಮನ ಜೊತೆ. ನಮ್ಮ ಯಜಮಾನರಿಗೆ ಬೇಕರಿಯಲ್ಲಿ ಭಟ್ಟಿಯ ಮುಂದೆ ಕೆಲಸ. ಊರು ಮಲಗಿದಾಗ ಇವರು ಬ್ರೆಡ್ಡು ಬೇಯಿಸುತ್ತಾರೆ, ಊರು ಎದ್ದ ಮೇಲೆ ಮನೆಗೆ ಬಂದು, ಮಿಂದು, ಉಂಡು ಮಧ್ಯಾಹ್ನ ಮಲಗುತ್ತಾರೆ. ನಿದ್ದೆ ಅಂದರೆ ಅದೊಂದೇ ನಿದ್ದೆ. ಸರ್ವಮಂಗಳಮ್ಮನದು ಸಾರಿನಪುಡಿ, ಚಟ್ನಿಪುಡಿಯ ವ್ಯಾಪಾರ. ಮಿಷನ್ನಿನ ಪುಡಿಯಲ್ಲ, ಒನಕೆಯಲ್ಲಿ ಕುಟ್ಟಿದ್ದು. ಬೆಳಿಗ್ಗೆ ತಾರಸಿಯ ಮೇಲೆ ಮೆಣಸಿನಕಾಯಿ ಒಣಹಾಕಿ, ಬಿಸಿಲು ನೆತ್ತಿಗೆ ಬಂದಾಗ ಹುರಿದು, ಬಿಸಿ ಆರುವ ಮೊದಲೇ ಕುಟ್ಟಬೇಕಂತೆ. ಅಂದರೆ ಸರಿಯಾಗಿ ನಮ್ಮವರು ಕಣ್ಣು ಮುಚ್ಚುವ ಹೊತ್ತಿಗೆ ಅವರ ತಲೆಯ ನೇರಕ್ಕೆ ಧಡ್, ಧಡ್, ಧಡ್. ನಿದ್ದೆಗೆಟ್ಟು ಒಂದು ದಿನ ಭಟ್ಟಿಯ ಮುಂದೆ ನಿಂತೇ ತೂಕಡಿಸಿ, ಕಾದ ತಟ್ಟೆಗೆ ಬರಿಗೈ ಹಾಕಿ, ಎಡ ಅಂಗೈ ಬೊಬ್ಬೆ ಎದ್ದುಹೋಯಿತು. ಆ ಕೈಯಿಂದ ಲೋಟ ಕೂಡ ಹಿಡಿಯಲಾಗದೆ ಕೂತರು. ಮಾರನೇ ದಿನ ಬೆಣ್ಣೆ ಬನ್ನು ಕಟ್ಟಿಕೊಂಡು ಹೊನ್ನಾಜಿಯ ಹತ್ತಿರ ಹೋದೆ. ಸರ್ವಮಂಗಳಮ್ಮನೂ ಬಂದಳು, ಒಂದು ಡಬ್ಬಿ ಸಾರಿನಪುಡಿ ಹಿಡಿದುಕೊಂಡು. ಒಲೆಯೇ ಇಲ್ಲದ ಮುದುಕಿಗೆ ಸಾರಿನಪುಡಿ. ನನಗೆ ಅಲ್ಲೇ ಗೊತ್ತಾಯಿತು, ಗೆದ್ದೆ ಅಂತ.

"ಉಂಡ ಮೇಲೆ ದೀಪ ಹಚ್ಚೋ ತನಕ ಒನಕೆ ಬಾಯಿ ಮುಚ್ಕೊಂಡಿರ್ಲಿ" ಅಂದಳು ಹೊನ್ನಾಜಿ, ಬನ್ನು ಅಗಿಯುತ್ತಾ. ಅಷ್ಟೇ. ಆಮೇಲೆ ಮೇಲೆ ಒನಕೆ ಏಳುತ್ತಿತ್ತು, ಬೀಳುತ್ತಿತ್ತು, ಸದ್ದು ಮಾತ್ರ ಇರುತ್ತಿರಲಿಲ್ಲ. ನಮ್ಮವರು ಮಗುವಿನ ಹಾಗೆ ಬಾಯಿ ತೆರೆದುಕೊಂಡು ನಿದ್ದೆ ಮಾಡಿದರು. ಸರ್ವಮಂಗಳಮ್ಮ ಮೆಟ್ಟಿಲಲ್ಲಿ ಸಿಕ್ಕಾಗ ಮುಖ ತಿರುಗಿಸಲಿಲ್ಲ, ಅದೊಂದು ಅವಳ ದೊಡ್ಡ ಗುಣ. "ಚೂಡಾಮಣಿ, ಸದ್ದಿಲ್ಲದೆ ಕುಟ್ಟಿದ ಪುಡಿಗೆ ಘಮ ಬರಲ್ಲ ಕಣ್ರೀ" ಅಂದಳು. "ಹಳೇ ಗಿರಾಕಿಗಳೆಲ್ಲ ಏನೋ ಕಮ್ಮಿಯಾಗಿದೆ ಅಂತಾರೆ. ಉಪ್ಪು ಜಾಸ್ತಿ ಹಾಕಿದೆ, ಇಂಗು ಹಾಕಿದೆ. ಊಹೂಂ." ನಾನು ಅಯ್ಯೋ ಪಾಪ ಅಂದೆ. ಅಯ್ಯೋ ಪಾಪ ಅನ್ನುವುದಕ್ಕೆ ಖರ್ಚೇನಿಲ್ಲವಲ್ಲ.

ಹೊನ್ನಾಜಿಯನ್ನು ನಾವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆವು. ಹಾಗಂತ ನಾವೇ ಹೇಳಿಕೊಳ್ಳುತ್ತಿದ್ದೆವು. ಚಳಿಗೆ ಕಂಬಳಿ, ಹಬ್ಬಕ್ಕೆ ಸೀರೆ, ಮನೆಗೊಂದು ದಿನದಂತೆ ಊಟ. ಕಾಂಪ್ಲೆಕ್ಸಿನ ಕಾರ್ಯದರ್ಶಿ ದ್ವಾರಕಾನಾಥರು ಸೋಡಾ ಅಂಗಡಿಯವನ ಹಳೆಯ ದೊಡ್ಡ ಛತ್ರಿ ತಂದು ಅವಳ ತಲೆಯ ಮೇಲೆ ನಿಲ್ಲಿಸಿದ್ದರು. ಛತ್ರಿಗೆ ಚಿಲಕವಿಲ್ಲ, ಆದ್ದರಿಂದ ಅದಕ್ಕೆ ದೋಷವಿಲ್ಲ. ಒಳಗೆ ಬಾ ಎಂದು ಮಾತ್ರ ಯಾರೂ ಕರೆಯುತ್ತಿರಲಿಲ್ಲ. "ಅವರಿಗೆ ಗಾಳಿ ಬೆಳಕಿನ ಅಭ್ಯಾಸ. ಒಳಗೆ ಕೂಡಿಸಿದ್ರೆ ಉಸಿರು ಕಟ್ಟುತ್ತೆ" ಎಂದು ದ್ವಾರಕಾನಾಥರು ಪ್ರತಿ ವಾರ್ಷಿಕ ಸಭೆಯಲ್ಲೂ ಹೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ಹೊನ್ನಾಜಿಯನ್ನು ಆ ಬಗ್ಗೆ ಯಾರೂ ಕೇಳಿರಲಿಲ್ಲ, ಕೇಳಿದರೆ ಅವಳು ಉತ್ತರ ಹೇಳಿಬಿಟ್ಟಾಳು ಎಂಬ ಭಯ.

ಕಳೆದ ಮಳೆಗಾಲದ ಕೊನೆಗೆ ಅವಳಿಗೆ ಕೆಮ್ಮು ಹಿಡಿಯಿತು. ಮಳೆ ನಿಂತರೂ ಕೆಮ್ಮು ನಿಲ್ಲಲಿಲ್ಲ. ಸೌಹಾರ್ದದಲ್ಲಿ ಆಗ ಯಾರ ಸದ್ದೂ ಇರಲಿಲ್ಲವಾದ್ದರಿಂದ ಅದೊಂದೇ ಕೇಳುತ್ತಿತ್ತು. ಬೇರೆ ಯಾವ ಸದ್ದಾದರೂ ಹೊನ್ನಾಜಿಯ ಹತ್ತಿರ ಒಯ್ಯಬಹುದಿತ್ತು. ಹೊನ್ನಾಜಿಯ ಕೆಮ್ಮನ್ನು ಯಾರ ಹತ್ತಿರ ಒಯ್ಯುವುದು? ನಾವು ಕಿಟಕಿ ಮುಚ್ಚಿಕೊಂಡೆವು. ಶುಂಠಿ ಕೊಟ್ಟೆವು, ಕಿಟಕಿ ಮುಚ್ಚಿಕೊಂಡೆವು.

ಹೀಗಿರುವಾಗ ಒಂದು ಬೆಳಿಗ್ಗೆ ಸರ್ವಮಂಗಳಮ್ಮ ಕೆಳಗಿನ ತನ್ನ ಉಗ್ರಾಣ ಖಾಲಿ ಮಾಡಿಸತೊಡಗಿದಳು. ಮೆಟ್ಟಿಲ ಪಕ್ಕ ಮೆಣಸಿನಕಾಯಿ ಚೀಲ ಇಡಲು ಅವಳಿಗೊಂದು ಸಣ್ಣ ಕೋಣೆ ಇತ್ತು. ಚೀಲಗಳೆಲ್ಲ ಮೇಲಕ್ಕೆ ಹೋದವು, ಗೋಡೆಗೆ ಸುಣ್ಣ ಬಿತ್ತು, ಕಿಟಕಿಗೆ ಪರದೆ ಬಂತು. ಸಂಜೆ ಹೊತ್ತಿಗೆ ಬಡಗಿ ಬಂದು ಬಾಗಿಲಿಗೆ ಒಳಗಡೆಯಿಂದ ಹಿತ್ತಾಳೆಯ ಚಿಲಕ ಬಡಿದಾಗ ಎಲ್ಲರಿಗೂ ಅರ್ಥವಾಯಿತು. ದ್ವಾರಕಾನಾಥರು ಚಪ್ಪಲಿಯನ್ನೂ ಹಾಕದೆ ಇಳಿದು ಬಂದರು.

"ಏನಿದು ಸರ್ವಮಂಗಳಮ್ಮ?"

"ಅಜ್ಜಿಗೆ. ಕೆಮ್ತಾ ಇದಾರಲ್ಲ, ಒಳಗೆ ಮಲಗ್ಲಿ ಅಂತ."

"ಅಲ್ಲ, ಕಂಬಳಿ ಇನ್ನೊಂದು ಕೊಡಬಹುದಿತ್ತು."

"ಯಾಕೆ ಸಾರ್, ಮೆಣಸಿನಕಾಯಿ ಇಡೋ ಜಾಗದಲ್ಲಿ ಮನುಷ್ಯರನ್ನ ಇಟ್ರೆ ತಪ್ಪಾ?"

ಇದಕ್ಕೆ ಏನು ಹೇಳುತ್ತೀರಿ? ಹೌದು, ತಪ್ಪು ಎಂದು ಬಾಯಿಬಿಟ್ಟು ಹೇಳುವ ಗಂಡಸು ಸೌಹಾರ್ದದಲ್ಲಿ ಇರಲಿಲ್ಲ, ಹೆಂಗಸೂ ಇರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒನಕೆಯ ಸದ್ದು ವಾಪಸು ಬರಲಿ ಅಂತ ಮಾಡಿದಳೋ, ಕೆಮ್ಮು ಕೇಳಲಾಗದೆ ಮಾಡಿದಳೋ ಎಂದು ನಾವು ಆ ದಿನ ಮೆಟ್ಟಿಲ ಮೇಲೆಲ್ಲ ಪಿಸುಗುಟ್ಟಿದೆವು. ಈಗ ಕೇಳಿದರೆ ಎರಡೂ ಇತ್ತು ಅನ್ನುತ್ತೇನೆ. ಒಂದು ಒಲೆಯಲ್ಲಿ ಅನ್ನವೂ ಬೇಯುತ್ತದೆ, ಬಿಸಿನೀರೂ ಕಾಯುತ್ತದೆ.

ಗೃಹಪ್ರವೇಶ ಅಂತಲೇ ಮಾಡಿದಳು. ಬಾಗಿಲಿಗೆ ಮಾವಿನೆಲೆ ಕಟ್ಟಿ, ಎಲ್ಲರನ್ನೂ ಕುಂಕುಮಕ್ಕೆ ಕರೆದಳು. ಬರಬೇಡಿ ಅಂದಿದ್ದರೆ ನೆಮ್ಮದಿಯಿತ್ತು, ಕರೆದಳಲ್ಲ, ಹೋಗಬೇಕಾಯಿತು. ಹಾಲು ಉಕ್ಕಿಸುವ ಪಾತ್ರೆ ನನ್ನದೇ, ಬಾಗಿಲ ಹೊರಗೆ ಒಲೆಯ ಮೇಲಿತ್ತು. ಹೊನ್ನಾಜಿ ಹೊಸ ಸೀರೆ ಉಟ್ಟು, ಬಾಗಿಲ ಹತ್ತಿರ ನಿಂತು, ಚಿಲಕವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಹಾಕಿ ನೋಡಲಾ?" ಅಂದಳು. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಚಿಲಕ ಟಕ್ಕೆಂದಿತು.

ಅದರ ಹಿಂದೆಯೇ ಮೊದಲನೇ ಮಹಡಿಯಿಂದ, ಒಂದು ಹನಿ ಮಳೆಯಿಲ್ಲದ ಹೊತ್ತಲ್ಲಿ, ಕ್ಲಾರಿನೆಟ್ ಕತ್ತು ಹಿಸುಕಿದ ಕೋಳಿಯ ಹಾಗೆ ಕಿರುಚಿತು. ಪದ್ಮರಾಜಯ್ಯನವರು ಕುಂಕುಮದ ಕರೆಯಲ್ಲಿ ಗಂಡಸರಿಗೇನು ಕೆಲಸ ಎಂದು ಮನೆಯಲ್ಲೇ ಉಳಿದು, ಅಭ್ಯಾಸಬಲದಿಂದ ಊದುತ್ತಿದ್ದರಂತೆ. ಯಾರದೋ ಕುಕ್ಕರು ಕೂಗಿತು, ಯಾವುದೋ ಬಾಗಿಲು ಕಿರ್ರೆಂದಿತು. ನನ್ನ ಪಕ್ಕದಲ್ಲೇ ನಿಂತು ಎಂದಿನಂತೆ ತುಟಿ ಒಳಗೇ ಗಂಡನಿಗೆ ಏನೋ ಹೇಳುತ್ತಿದ್ದ ಕಾತ್ಯಾಯಿನಿಯ ಮಾತು ಅರ್ಧದಿಂದ ಎಲ್ಲರಿಗೂ ಕೇಳಿಸಿತು. "...ಆ ದ್ವಾರಕಾನಾಥ ಕೂದಲಿಗೆ ಬಳಿಯೋ ಬಣ್ಣದಲ್ಲಿ ನಮ್ಮ ಗೇಟಿಗೆ ಒಂದು ಕೈ ಹೊಡೀಬಹುದಿತ್ತು." ದ್ವಾರಕಾನಾಥರು ಕುಂಕುಮದ ತಟ್ಟೆಯನ್ನೇ ನೋಡಿದರು. ನನ್ನ ಪಾತ್ರೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ಶುಭ ಅಂದರು ಯಾರೋ.

ಮಾರನೆಯ ದಿನದಿಂದ ನಮ್ಮವರಿಗೆ ನಿದ್ದೆಯಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರು, ತಲೆಗೆ ಟವಲು ಸುತ್ತಿಕೊಂಡರು. ಬಚ್ಚಲಲ್ಲಿ ಚಾಪೆ ಹಾಸಿಕೊಂಡು ನೋಡಿದರು, ಅಲ್ಲಿ ಕ್ಲಾರಿನೆಟ್ ಪೈಪಿನೊಳಗಿಂದ ಬರುತ್ತಿತ್ತು. ಮೇಲಿನಿಂದ ಒಳ್ಳೆಯ ಘಮ ಮಾತ್ರ ಬರುತ್ತಿತ್ತು, ಅದನ್ನು ಸುಳ್ಳು ಹೇಳಬಾರದು. ಆ ಧಡ್ ಧಡ್‌ನ ಪುಡಿಗೆ ಗಿರಾಕಿಗಳು ಮೆಟ್ಟಿಲವರೆಗೆ ನಿಲ್ಲತೊಡಗಿದರು. ನಮ್ಮವರ ಕಣ್ಣು ಕೆಂಪಗಾಗಿ ಒಳಕ್ಕೆ ಹೋದವು. ಒಂದು ಬೆಳಿಗ್ಗೆ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ಬಿಚ್ಚಿ ನೋಡಿದರೆ ಮುಂಗೈ ಪೂರ್ತಿ ಸುಟ್ಟಿದೆ.

"ಮಾಲೀಕರು ಏನಂದ್ರು?" ಅಂದೆ.

"ಇನ್ನೊಂದು ಸಲ ಹೀಗಾದ್ರೆ ಭಟ್ಟಿ ಹತ್ತಿರ ಬರಬೇಡ, ಬಾಗಿಲಲ್ಲಿ ಕೂತು ಬಿಸ್ಕತ್ತು ಮಾರು ಅಂದ್ರು" ಅಂದರು. ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳುತ್ತಾ, "ಕೈ ಹೋದ್ರೆ ಬಿಸ್ಕತ್ತೂ ಮಾರಕ್ಕಾಗಲ್ಲ ಚೂಡಾ. ನಿಂತಲ್ಲೇ ಕಣ್ಣು ಮುಚ್ಚುತ್ತೆ. ಮುಂದೆ ಬೆಂಕಿ ಇರೋದು ಗೊತ್ತಿದ್ರೂ ಮುಚ್ಚುತ್ತೆ" ಅಂದರು. ನನಗೆ ಆ ದಿನ ಅಡುಗೆ ಮಾಡಲು ಕೈ ಬರಲಿಲ್ಲ.

ಸಭೆ ಸೇರಿತು. ಹೊನ್ನಾಜಿಯನ್ನು ಹೊರಗೆ ಹಾಕಬೇಕು ಎಂದು ಯಾರೂ ಹೇಳಲಿಲ್ಲ. ಛೆ, ನಾವು ಅಂಥವರೇ? "ಅಜ್ಜಿಯವರ ಹಳೆಯ ಸ್ಥಾನವನ್ನ ಅವರಿಗೆ ಮರಳಿಸುವ ವಿಚಾರ" ಎಂದರು ದ್ವಾರಕಾನಾಥರು. ಅದಕ್ಕಿಂತ ಬೇರೆ ಯಾರನ್ನಾದರೂ ಕರೆತರುವುದು ಒಳ್ಳೆಯದೆಂದು ಪದ್ಮರಾಜಯ್ಯನವರು ಹೇಳಿದರು. ಅವರಿಗೇನು, ಅವರ ಕ್ಲಾರಿನೆಟ್ ನುಡಿಯುತ್ತಿತ್ತು. ಸರಿ, ಸ್ಕೂಟರು ಹತ್ತಿ ಊರೆಲ್ಲ ಹುಡುಕಿದೆವು. ಮನೆಯಿಲ್ಲದವರು ಎಲ್ಲೆಲ್ಲೂ ಇದ್ದಾರೆ ಎಂದು ದಿನಾ ದೂರುತ್ತಿದ್ದ ನಮಗೆ ಒಬ್ಬರೂ ಸಿಗಲಿಲ್ಲ. ಪ್ರತಿ ಗೋಡೆಯ ಹಿಂದೆಯೂ ಒಂದು ಕಾಂಪ್ಲೆಕ್ಸು ಇತ್ತು. "ನಮ್ಮ ತಾತನ ಮೇಲೆ ಕಣ್ಣು ಹಾಕಬೇಡಿ" ಎಂದು ಒಂದು ಕಡೆ ಹೆಂಗಸರು ಪೊರಕೆ ಹಿಡಿದು ಬಂದರು. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಿಕ್ಕಿ, ನಮ್ಮ ಸ್ಕೂಟರಿನ ಹಿಂದೆ ಕೂತು ಬಂದು, ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಈ ಗೋಡೆಗೆ ಮಧ್ಯಾಹ್ನ ನೆರಳಿಲ್ಲ" ಅಂದ. "ಚರಂಡಿ ಹತ್ತಿರ ಇದೆ. ಮುಂಚೆ ಇದ್ದೋರು ಯಾಕೆ ಬಿಟ್ರು?"

"ಅವರಿಗೆ ಮನೆ ಸಿಕ್ಕಿತು" ಅಂದರು ದ್ವಾರಕಾನಾಥರು, ಹಲ್ಲು ಕಚ್ಚಿಕೊಂಡು.

"ಎಲ್ಲಿ?"

"ಇಲ್ಲೇ."

"ಹಂಗಾದ್ರೆ ನಂಗೂ ಒಳಗೇ ಕೊಡಿ" ಅಂದ ಆ ಪುಣ್ಯಾತ್ಮ. ಅವನನ್ನು ವಾಪಸು ಬಿಟ್ಟು ಬಂದೆವು. ಅವನು ಒಪ್ಪಿದ್ದರೂ ಒಂದು ಮಳೆಗಾಲ ಕಾಯಬೇಕಿತ್ತು. ಮಳೆಗಾಲ ಬರುವ ಹೊತ್ತಿಗೆ ನಮ್ಮವರಿಗೆ ಕೈ ಉಳಿದಿರಬೇಕಲ್ಲ.

ಕೊನೆಗೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮ ಬನ್ನು ಅಂದ್ರೆ ಅಜ್ಜಿಯವರಿಗೆ ಪ್ರಾಣ ಮೇಡಂ. ನಿಮ್ಮ ಮಾತು ಕೇಳ್ತಾರೆ" ಅಂದರು ದ್ವಾರಕಾನಾಥರು. ನಾನು ಬೇಡ ಅನ್ನಲಿಲ್ಲ. ನನಗೆ ಯಾರ ಸ್ಥಾನಮಾನವೂ ಬೇಕಿರಲಿಲ್ಲ, ಮಲಗಲು ನನ್ನ ಗಂಡನಿಗೆ ಒಂದು ಮಧ್ಯಾಹ್ನ ಬೇಕಿತ್ತು. ಅದಕ್ಕಾಗಿ ಒಂದು ಮುದುಕಿಯನ್ನು ಬೀದಿಗೆ ಕಳಿಸಲು ಬನ್ನು ಹಿಡಿದು ಹೊರಟೆ. ಹೀಗೆ ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ಅದು ಇದ್ದದ್ದೇ ಹಾಗೆ.

ಬಾಗಿಲು ತಟ್ಟಿದೆ. ಒಳಗಿನಿಂದ, "ಯಾರು?" ಅಂದಳು. ಹೆಸರು ಹೇಳಿದೆ. "ಇರು" ಅಂದಳು. ಎಷ್ಟೋ ಹೊತ್ತು ತೆಗೆಯಲಿಲ್ಲ. ಆಮೇಲೆ ಚಿಲಕ ನಿಧಾನಕ್ಕೆ ಸರಿಯಿತು, ಮತ್ತೆ ಮುಚ್ಚಿತು, ಮತ್ತೆ ಸರಿಯಿತು. ಬಾಗಿಲು ತೆಗೆದಾಗ ಹೊನ್ನಾಜಿ ನಗುತ್ತಿದ್ದಳು. "ಯಾರು ಅಂತ ಕೇಳೋದು ಚೆನ್ನಾಗಿರ್ತದೆ ಕಣೆ ಚೂಡಮ್ಮ" ಅಂದಳು. "ಇಷ್ಟು ವರ್ಷ ಬಂದೋರು ಬಂದೇಬಿಡ್ತಿದ್ರು. ಕೂತ್ಕೊ."

ಚಾಪೆಯ ಮೇಲೆ ಕೂತೆ. ಗೋಡೆಗೆ ಇನ್ನೂ ಮೆಣಸಿನಕಾಯಿಯ ಘಾಟು ಇತ್ತು. ಮೂಲೆಯಲ್ಲಿ ಅವಳ ಗೋಣಿತಾಟು ಮಡಿಸಿಟ್ಟಿತ್ತು. ಕೆಮ್ಮು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

"ನಿದ್ದೆ ಬರುತ್ತಾ ಅಜ್ಜಿ?"

"ಬರ್ತದೆ. ಎರಡೂ ಕಣ್ಣು ಮುಚ್ಚಿ ಮಲಗ್ತೀನಿ. ಆಚೆ ಇರೋವಾಗ ಒಂದೇ ಕಣ್ಣು ಮಲಗ್ತಿತ್ತು, ಒಂದು ಕಾಯ್ತಿತ್ತು." ಬನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಕೇಳು. ಏನೋ ಕೇಳಕ್ಕೆ ಬಂದಿದೀಯ."

"ಏನಿಲ್ಲ ಅಜ್ಜಿ."

"ಬೆಣ್ಣೆ ಜಾಸ್ತಿ ಹಾಕ್ಸಿದೀಯ. ಏನೋ ಇದೆ."

ನಾನು ನಮ್ಮವರ ಕೈ ಸುಟ್ಟದ್ದನ್ನು ಹೇಳಿದೆ. ಮಾಲೀಕರ ಮಾತನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು, ಅದು ನಾಟಕದ ಅಳುವಲ್ಲ. "ಸ್ವಲ್ಪ ದಿನದ ಮಟ್ಟಿಗೆ, ಅಜ್ಜಿ, ನೀವು ಮತ್ತೆ..." ಅಂದು ನಿಲ್ಲಿಸಿದೆ.

"ಮತ್ತೆ ಎಲ್ಲಿಗೆ?"

"ಆಚೆಗೆ."

"ಆಚೆ ಅಂದ್ರೆ?"

"ಗೋಡೆ ಹತ್ತಿರಕ್ಕೆ."

ಅವಳಿಗೆ ಅರ್ಥವಾಗದೆ ಕೇಳಿದ್ದಲ್ಲ. ನನ್ನ ಬಾಯಿಂದ ಪೂರ್ತಿ ಬರಲಿ ಅಂತ ಕೇಳಿದ್ದು. ಬೆರಳಿಗೆ ಅಂಟಿದ ಬೆಣ್ಣೆಯನ್ನು ನೆಕ್ಕಿಕೊಂಡಳು. "ಚಿಲಕ ಇಲ್ದೋರು ಬೇಕು ನಿಮಗೆ, ಅಷ್ಟೇ ತಾನೆ. ನಿನ್ನ ಮನೆ ಬಾಗಿಲಿನ ಚಿಲಕ ಕಿತ್ತು ಬಿಸಾಕು. ಒಂದು ಮಳೆಗಾಲ ಗೋಡೆ ಹತ್ರ ನೀನು ಮಲಕ್ಕೊ. ನಿನ್ನ ಮಾತೂ ಹತ್ತುತ್ತೆ."

ಇಷ್ಟು ವರ್ಷದಲ್ಲಿ ಸೌಹಾರ್ದದ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನನಗೆ ಹೊಳೆದಾಗಲೂ ನಾನು ಬಾಗಿಲ ಕಡೆ ನೋಡಿದೆ, ಎದ್ದು ಹೋಗುವುದು ಹೇಗೆ ಅಂತ. ಹೊನ್ನಾಜಿ ಅದನ್ನೂ ನೋಡಿದಳು.

"ಹೆದರ್ಕೊಬೇಡ, ತಮಾಷೆಗೆ ಅಂದೆ" ಅಂದಳು. ತಮಾಷೆಗೆ ಅಂದ ಹಾಗೆ ಕೇಳಲಿಲ್ಲ. ಒಂದಿಷ್ಟು ಕೆಮ್ಮಿ, ಸುಧಾರಿಸಿಕೊಂಡು ಹೇಳಿದಳು. "ನಿನ್ನ ಗಂಡನ್ನ ಕಳ್ಸು. ಉಂಡ ಮೇಲೆ ಇಲ್ಲಿ ಬಂದು ಮಲಕ್ಕೊಳ್ಳಲಿ. ಒನಕೆ ಇಲ್ಲಿಗೆ ಅಷ್ಟು ಕೇಳ್ಸಲ್ಲ. ಚಿಲಕ ಅವನೇ ಹಾಕ್ಕೊಳ್ಳಲಿ. ಹಗಲು ನಂಗೂ ಈ ಘಾಟು ತಡೆಯಕ್ಕಾಗಲ್ಲ, ಬಿಸಿಲಲ್ಲಿ ಕೂತಿರ್ತೀನಿ. ಕತ್ತಲಾಗೋ ಮುಂಚೆ ಎಬ್ಬಿಸಿ ಕರ್ಕೊಂಡು ಹೋಗು. ರಾತ್ರಿ ಮಾತ್ರ ಇದು ನಂದು. ರಾತ್ರಿ ಯಾರಿಗೂ ಕೊಡಲ್ಲ."

ನಾನು ಅವಳ ಕಾಲು ಮುಟ್ಟಲು ಹೋದೆ. "ಅದೆಲ್ಲ ಬೇಡ, ನಾಳೆ ಬನ್ನು ಎರಡು ತಾ" ಅಂದಳು.

ಸಭೆಗೆ ಹೋಗಿ ಹೇಳಿದಾಗ ಅವರ ಮುಖ ಇಳಿಯಿತು. ನಿಮ್ಮ ಗಂಡನಿಗೇನೋ ನಿದ್ದೆಯಾಯಿತು, ನಮಗೇನಾಯಿತು ಎಂದರು. ಸ್ವಂತ ಫ್ಲಾಟು ಇದ್ದವರು ಗೋಡೆಯಾಚೆಯವಳ ಕೋಣೆಗೆ ಬಿಡಾರ ಹೋಗುವುದು ಕಾಂಪ್ಲೆಕ್ಸಿನ ಮರ್ಯಾದೆಗೆ ಕುಂದಲ್ಲವೇ ಎಂದೂ ಒಬ್ಬರು ಕೇಳಿದರು. ನಾನು ಎದ್ದು ಬಂದೆ.

ಮಾರನೇ ಮಧ್ಯಾಹ್ನ ನಮ್ಮವರು ದಿಂಬು ಕಂಕುಳಲ್ಲಿಟ್ಟುಕೊಂಡು, ಹೆಣ್ಣಿನ ಮನೆಗೆ ಮೊದಲ ಸಲ ಹೋಗುವ ಅಳಿಯನ ಹಾಗೆ ನಾಚಿಕೊಂಡು ಮೆಟ್ಟಿಲಿಳಿದರು. ಹೊನ್ನಾಜಿ ತನ್ನ ಗೋಣಿತಾಟು ಎತ್ತಿಕೊಂಡು ಹೊರಗೆ ಬಂದಳು. "ಚಿಲಕ ಸ್ವಲ್ಪ ಬಿಗಿ. ಮೇಲಕ್ಕೆತ್ತಿ ಹಾಕ್ಬೇಕು" ಎಂದು ಅವರಿಗೆ ತೋರಿಸಿಕೊಟ್ಟಳು. ಅವರು ಒಳಗೆ ಹೋದರು. ಟಕ್ಕೆಂದಿತು. ಹೊನ್ನಾಜಿ ಗೇಟು ದಾಟಿ, ತನ್ನ ಹಳೆಯ ಜಾಗಕ್ಕೆ ಹೋಗಿ, ಗೋಡೆಗೆ ಒರಗಿ ಕೂತು, ನಾನು ಕೊಟ್ಟ ಬನ್ನು ಬಿಚ್ಚಿದಳು. ಮೇಲೆ ಒನಕೆ ಶುರುವಾಗಿತ್ತು. ಕ್ಲಾರಿನೆಟ್ ಶುರುವಾಗಿತ್ತು. ಕಾತ್ಯಾಯಿನಿ ಗಂಡನಿಗೆ ಅವನ ತಂಗಿಯ ಮದುವೆಯಿಂದ ಹಿಡಿದು ಲೆಕ್ಕ ಒಪ್ಪಿಸುತ್ತಿದ್ದಳು.

ದ್ವಾರಕಾನಾಥರು ದಾಪುಗಾಲು ಹಾಕುತ್ತಾ ಬಂದರು. ರಾತ್ರಿಯೆಲ್ಲ ಯೋಚಿಸಿದ್ದರು ಎಂದು ಕಾಣುತ್ತದೆ, ಕಣ್ಣಲ್ಲಿ ಗೆದ್ದ ಕಳೆ ಇತ್ತು. "ಅಜ್ಜಿಯವರೇ, ಒಂದು ಸೂಕ್ಷ್ಮ ವಿಚಾರ. ಈಗ ಒಳಗಿನಿಂದ ಚಿಲಕ ಹಾಕಿಕೊಂಡಿರೋದು ನರಹರಿಯವರು. ಅಂದ್ರೆ ಈ ಗಳಿಗೆಯಲ್ಲಿ ತಮಗೆ ಚಿಲಕ ಇಲ್ಲ. ಮಳೆಗಾಲಗಳಂತೂ ಈ ಗೋಡೆ ಹತ್ರ ತಾವು ಬೇಕಾದಷ್ಟು ಕಳೆದಿದ್ದೀರಿ. ಹಾಗಿದ್ದ ಮೇಲೆ ತಮ್ಮ ಮಾತು ಈಗ ಹತ್ತಬೇಕಲ್ಲ? ಪರೀಕ್ಷೆಗೆ ಅಂತ ಏನಾದ್ರೂ ಒಂದು ಹೇಳಿ ನೋಡೋಣ. ನನ್ನ ಅಭಿಪ್ರಾಯದಲ್ಲಿ ಮೊದಲು ಕಾತ್ಯಾಯಿನಿಯವರ ಬಾಯಿ, ಯಾಕೆಂದ್ರೆ..."

ಹೊನ್ನಾಜಿ ತಲೆಯೆತ್ತಲೂ ಇಲ್ಲ. ಬಾಯಲ್ಲಿ ಬನ್ನು ಇತ್ತು. "ಸುಮ್ನಿರಪ್ಪ" ಅಂದಳು. "ಮನುಷ್ಯ ಮಲಗಿದಾನೆ."

ದ್ವಾರಕಾನಾಥರ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಮೇಲೆ ಒನಕೆ ನಿಂತಿತ್ತು. ಕ್ಲಾರಿನೆಟ್ಟಿನಲ್ಲಿ ಗಾಳಿ ಮಾತ್ರ ಉಳಿದು, ಅದೂ ನಿಂತಿತು. ಕಾತ್ಯಾಯಿನಿ ಕಿಟಕಿಗೆ ಬಂದು ಗಂಟಲು ಮುಟ್ಟಿಕೊಂಡು ನೋಡಿದಳು. ಇಡೀ ಕಟ್ಟಡ ಸುಮ್ಮನಾಯಿತು. ಪೂರ್ತಿ ಸುಮ್ಮನೆ, ಹಿಂದೆಂದೂ ಆಗದಷ್ಟು. ನಾನು "ಅಜ್ಜಿ" ಅನ್ನಲು ಹೋದೆ, ನನಗೂ ದನಿ ಬರಲಿಲ್ಲ. ಉಗ್ರಾಣದ ಬಾಗಿಲ ಸಂದಿನಿಂದ ನಮ್ಮವರ ಗೊರಕೆಯೊಂದು ಸಣ್ಣಗೆ ಕೇಳಿಸುತ್ತಿತ್ತು. ಮಲಗಿದವರಿಗೆ ಅವಳ ಮಾತು ತಾಗಿರಲಿಲ್ಲ. ಆ ಗೊರಕೆ ಕೇಳಿ ನನ್ನ ಕಣ್ಣು ತುಂಬಿತು.

ಆಮೇಲೆ ಹೊನ್ನಾಜಿ ಕೆಮ್ಮಿದಳು.

ಅದು ದೊಡ್ಡ ಕೆಮ್ಮು. ಪಕ್ಕೆ ಹಿಡಿದುಕೊಂಡು, ಬಗ್ಗಿ, ಬನ್ನು ಕೆಳಗೆ ಬಿದ್ದು, ಮತ್ತೆ ಮತ್ತೆ ಕೆಮ್ಮಿದಳು. ಎಲ್ಲ ಕಿಟಕಿಗಳಲ್ಲೂ ಜನ ಇದ್ದರು. ಮಾತಾಡಿ ಆ ಸದ್ದನ್ನು ಮುಚ್ಚೋಣವೆಂದರೆ ಯಾರಿಗೂ ಬಾಯಿಲ್ಲ. ಪದ್ಮರಾಜಯ್ಯನವರು ತಮ್ಮ ಕಿಟಕಿ ಎಳೆದುಕೊಂಡರು. ಕಿಟಕಿ ಸದ್ದಿಲ್ಲದೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ತೆರೆದರು, ಮುಚ್ಚಿದರೂ ಕೇಳಿಸುತ್ತಿತ್ತೇನೋ. ದ್ವಾರಕಾನಾಥರು ತಮ್ಮ ಕಾಲು ನೋಡಿಕೊಂಡು ನಿಂತಿದ್ದರು. ನಮ್ಮ ಗೋಡೆಯ ಬುಡದಲ್ಲಿ ಇಷ್ಟು ದೊಡ್ಡ ಸದ್ದು ಇಷ್ಟು ದಿನ ಇತ್ತು, ನಾವು ಒನಕೆಯ ಬಗ್ಗೆ ದೂರು ಕೊಡುತ್ತಿದ್ದೆವು.

ಮೊದಲು ಇಳಿದು ಬಂದವಳು ಸರ್ವಮಂಗಳಮ್ಮ. ಕೈಯಲ್ಲಿ ಲೋಟ, ಅದರಲ್ಲಿ ಮೆಣಸು ಜೀರಿಗೆ ಕುಟ್ಟಿ ಹಾಕಿದ ಬಿಸಿ ಕಷಾಯ. ಹೊನ್ನಾಜಿಯ ಬೆನ್ನು ಸವರಿ, ಕುಡಿಸಿ, ಪಕ್ಕದಲ್ಲೇ ಕೂತಳು. ನನ್ನ ಕಡೆ ನೋಡಿದಳು, ಬಾ ಎಂದಾಗಲಿ ಹೋಗು ಎಂದಾಗಲಿ ಸನ್ನೆ ಮಾಡಲಿಲ್ಲ. ನಾನು ಬಿದ್ದ ಬನ್ನು ಎತ್ತಿ ಪಕ್ಕಕ್ಕಿಟ್ಟು, ಹೊನ್ನಾಜಿಯ ಇನ್ನೊಂದು ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ. ಅವಳು ಒಳಗೆ ಹೋದ ಮೇಲೆ ಛತ್ರಿಯನ್ನು ಎತ್ತಿಟ್ಟಿದ್ದರು, ಅಲ್ಲಿ ನಿಜವಾಗಿಯೂ ನೆರಳಿರಲಿಲ್ಲ. ಇಷ್ಟು ವರ್ಷ ಆ ಗೋಡೆಯ ಒಳಮೈಯನ್ನಷ್ಟೇ ನೋಡಿದ್ದೆ. ಹೊರಮೈ ಬೆನ್ನು ಸುಡುತ್ತಿತ್ತು. ನಮ್ಮವರು ಏಳುವ ತನಕ ನಾವು ಮೂವರೂ ಅಲ್ಲೇ ಕೂತಿದ್ದೆವು.